ಕತ್ತಲೆಯನ್ನು ಕಾಗದಕ್ಕೆ ಇಳಿಸುವ ಕೆಲಸ: ಹ್ಯಾಲೋವೀನ್ ಸ್ಟೇಷನರಿಯ ವಿನ್ಯಾಸ

ಅಕ್ಟೋಬರ್ 31ರ ರಾತ್ರಿ ಬರುವ ಹ್ಯಾಲೋವೀನ್ ಹಬ್ಬಕ್ಕಾಗಿ ಅಮೆರಿಕ, ಕೆನಡಾ, ಬ್ರಿಟನ್ ಮತ್ತು ಐರ್ಲೆಂಡಿನ ಅಂಗಡಿಗಳಲ್ಲಿ ನೋಟ್‌ಬುಕ್, ಗ್ರೀಟಿಂಗ್ ಕಾರ್ಡ್, ಸ್ಟಿಕ್ಕರ್, ಉಡುಗೊರೆ ಸುತ್ತುವ ಕಾಗದ, ಮಗ್, ಬಟ್ಟೆಯ ಚೀಲ ಮೊದಲಾದವು ಒಂದೇ ಕೈಯ ಚಿತ್ರಗಳನ್ನು ಹೊತ್ತು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಹೀಗೆ ಒಂದೇ ಚಿತ್ರಲೋಕದಿಂದ ಹುಟ್ಟಿದ ವಸ್ತುಗಳ ಗುಂಪನ್ನು ಈ ವ್ಯಾಪಾರದವರು ರೇಂಜ್ ಅಥವಾ ಕಲೆಕ್ಷನ್ ಎಂದು ಕರೆಯುತ್ತಾರೆ; ಇಲ್ಲಿ ಅದನ್ನು ಶ್ರೇಣಿ ಎನ್ನೋಣ. ಕುಂಬಳಕಾಯಿ, ಬಾವಲಿ, ಕಪ್ಪು ಬೆಕ್ಕು, ಮಾಟಗಾತಿ ಇಷ್ಟನ್ನು ಬರೆದು ಎಲ್ಲ ವಸ್ತುಗಳ ಮೇಲೂ ಅಚ್ಚು ಹಾಕಿದರೆ ಮುಗಿಯಿತು ಎಂದು ಹೊರಗಿನವರಿಗೆ ತೋರಬಹುದು. ಆದರೆ ಹ್ಯಾಲೋವೀನ್ ರಾತ್ರಿಯ ಹಬ್ಬ, ಕಾಗದವೋ ಬಿಳಿಯ ವಸ್ತು. ಈ ಹಬ್ಬದ ಎರಡು ಮುಖ್ಯ ಬಣ್ಣಗಳಾದ ಕಪ್ಪು ಮತ್ತು ಕಿತ್ತಳೆ, ಮುದ್ರಣಾಲಯದಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಬಣ್ಣಗಳ ಸಾಲಿಗೆ ಸೇರುತ್ತವೆ. ಬಿಳಿಯ ಕಾಗದದ ಮೇಲೆ ರಾತ್ರಿಯನ್ನು ತರುವುದು ಹೇಗೆ, ಹಾಗೆ ತಂದ ಮೇಲೂ ಅದರ ಮೇಲೆ ಬರೆಯಲು, ಅದನ್ನು ಮಡಚಲು, ಅಂಚೆಗೆ ಹಾಕಲು ಅನುಕೂಲವಾಗುವಂತೆ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯೇ ಈ ವಿನ್ಯಾಸದ ನಡುಗಂಬ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಹೊರದೇಶದ ಕಂಪನಿಗಳಿಗೆ ಚಿತ್ರ ಬರೆಯುವ ಕಲಾವಿದರಿಗೂ ಮೊದಲು ಎದುರಾಗುವ ಪ್ರಶ್ನೆ ಇದೇ.

ಬಣ್ಣಗಳು ಎಲ್ಲಿಂದ ಬಂದವು

ಈ ಹಬ್ಬದ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳೆಯ ಕೆಲ್ಟಿಕ್ ಜನರ ಸುಗ್ಗಿ ಮುಗಿಯುವ ಕಾಲದ ಆಚರಣೆಯಲ್ಲಿದೆ. ಬೆಳೆ ಮನೆಗೆ ಬಂದು ಚಳಿಗಾಲ ಆರಂಭವಾಗುವ ಆ ರಾತ್ರಿಯಲ್ಲಿ ಸತ್ತವರಿಗೂ ಬದುಕಿರುವವರಿಗೂ ನಡುವಿನ ಗಡಿ ತೆಳುವಾಗುತ್ತದೆ ಎಂದು ಅವರು ನಂಬಿದ್ದರು. ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನವಾದ ಮೇಲೆ ಅದರ ಹಿಂದಿನ ರಾತ್ರಿಗೆ ಇಂದಿನ ಹೆಸರು ಬಂತು. ಹಬ್ಬದ ದೀಪಕ್ಕಾಗಿ ಐರ್ಲೆಂಡಿನವರು ಮೊದಲು ಮುಖ ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯ ಮೇಲೆ. ಅಂಥ ಒಂದು ಗೆಡ್ಡೆಯ ಪ್ಲಾಸ್ಟರ್ ಪ್ರತಿರೂಪ ಮೇಯೊ ಕೌಂಟಿಯಲ್ಲಿರುವ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮೀಣ ಬದುಕಿನ ವಿಭಾಗದಲ್ಲಿದೆ; ಇಂದಿನ ನಗುವ ಕುಂಬಳಕಾಯಿಗಿಂತ ಅದರ ಮುಖ ಬಹಳ ಭೀಕರವಾದದ್ದು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಐರಿಷ್ ಜನ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದ ಮೇಲೆ ಅವರ ಆಚರಣೆ ಅಲ್ಲಿ ಬೇರೂರಿತು. ಕೊರೆಯಲು ಸುಲಭವಾದ, ಗಾತ್ರದಲ್ಲಿ ದೊಡ್ಡದಾದ ಅಲ್ಲಿನ ಕುಂಬಳಕಾಯಿ ಟರ್ನಿಪ್ಪಿನ ಜಾಗವನ್ನು ಹಿಡಿಯಿತು. ಕಿತ್ತಳೆ ಬಣ್ಣ ಸುಗ್ಗಿಯ ಗುರುತಾಗಿ, ಕಪ್ಪು ಆ ರಾತ್ರಿಯ ಗುರುತಾಗಿ ಜೊತೆಗೂಡಿದವು.

ಹಬ್ಬಕ್ಕೆ ಇಂದು ನಾವು ಕಾಣುವ ಚಿತ್ರರೂಪವನ್ನು ಕೊಟ್ಟದ್ದು ಮಾತ್ರ ಅಂಚೆ ಕಾರ್ಡು. ಅಮೆರಿಕದಲ್ಲಿ 1898ರ ಕಾನೂನು ಖಾಸಗಿಯವರು ಅಚ್ಚು ಹಾಕಿದ ಕಾರ್ಡುಗಳನ್ನೂ ಒಂದು ಸೆಂಟಿನ ದರದಲ್ಲಿ ಕಳುಹಿಸಲು ಅವಕಾಶ ಕೊಟ್ಟಿತು. 1907ರಲ್ಲಿ ಕಾರ್ಡಿನ ಹಿಂಬದಿಯನ್ನು ಎರಡು ಭಾಗ ಮಾಡಿ ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಬಹುದಾಯಿತು, ಮುಂಬದಿ ಪೂರ್ತಿಯಾಗಿ ಚಿತ್ರಕ್ಕೆ ಬಿಟ್ಟುಹೋಯಿತು. 1908ರ ಜೂನ್‌ಗೆ ಮುಗಿದ ಒಂದು ವರ್ಷದಲ್ಲಿ ಅಲ್ಲಿನ ಅಂಚೆ ಇಲಾಖೆ ಸಾಗಿಸಿದ ಕಾರ್ಡುಗಳ ಸಂಖ್ಯೆ ಸುಮಾರು 67.8 ಕೋಟಿ, ಆಗ ಆ ದೇಶದ ಜನಸಂಖ್ಯೆ 9 ಕೋಟಿಯನ್ನೂ ಮುಟ್ಟಿರಲಿಲ್ಲ. ನ್ಯೂಯಾರ್ಕಿನ ಜಾನ್ ವಿಂಚ್ ಎಂಬ ಪ್ರಕಾಶಕನಿಗಾಗಿ ಸ್ಯಾಮ್ಯುಯೆಲ್ ಶ್ಮಕರ್ ಬರೆದ ನೀಳಕಾಯದ ಮಾಟಗಾತಿಯರು, ಎಲೆನ್ ಕ್ಲಾಪ್‌ಸ್ಯಾಡಲ್ ಬರೆದ ದುಂಡು ಕೆನ್ನೆಯ ಮಕ್ಕಳು ಆ ಕಾಲದವು. ಇಂದಿಗೂ ಹ್ಯಾಲೋವೀನ್ ಚಿತ್ರಗಳು ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ: ಒಂದರಲ್ಲಿ ರಾತ್ರಿಗೆ ಮೋಹಕವಾದ ನಿಗೂಢತೆ, ಇನ್ನೊಂದರಲ್ಲಿ ಮಕ್ಕಳ ಆಟದ ಸುಳ್ಳು ಭಯ.

ಈ ಕಾರ್ಡುಗಳಲ್ಲಿ ಬಹಳಷ್ಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಕ್ರೋಮೋಲಿಥೋಗ್ರಫಿ ಎಂಬ ಕಲ್ಲಚ್ಚಿನ ಪದ್ಧತಿಯಲ್ಲಿ. ಒಂದೊಂದು ಬಣ್ಣಕ್ಕೂ ಬೇರೆಯೇ ಕಲ್ಲು; ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದ ಭಾಗ ಬಣ್ಣವನ್ನು ಹಿಡಿಯುತ್ತದೆ, ನೀರಿನಿಂದ ತೇವಗೊಂಡ ಭಾಗ ಬಣ್ಣವನ್ನು ಬಿಡುತ್ತದೆ. ಕನ್ನಡ ಓದುಗರಿಗೆ ಈ ಪದ್ಧತಿ ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯಕ್ಕೆ ಯಂತ್ರಗಳೂ ತಂತ್ರಜ್ಞರೂ ಬಂದದ್ದು ಜರ್ಮನಿಯಿಂದಲೇ, ಮತ್ತು ನಮ್ಮ ಅಜ್ಜಿಯರ ದೇವರ ಮನೆಗಳಲ್ಲಿ ತೂಗುತ್ತಿದ್ದ ಲಕ್ಷ್ಮಿ, ಸರಸ್ವತಿಯರ ಪಟಗಳು ಇದೇ ಕಲ್ಲಚ್ಚಿನಿಂದ ಬಂದವು. ಆ ಪಟಗಳಲ್ಲಿಯೂ ಈ ಕಾರ್ಡುಗಳಲ್ಲಿಯೂ ನೆರಳಿಗೆ ಒಂದು ಮಖಮಲ್ಲಿನ ಆಳ ಕಾಣುತ್ತದೆ. ಒಂದರ ಮೇಲೊಂದು ಅನೇಕ ಬಣ್ಣದ ಪದರಗಳು ಕೂತು ಕತ್ತಲೆಯನ್ನು ಕಟ್ಟಿರುವುದು ಅದಕ್ಕೆ ಕಾರಣ. ಸಯಾನ್ (ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು ಒಂದೊಂದು ಪ್ಲೇಟಿನಿಂದ ಅಚ್ಚು ಹಾಕುವ ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ಆ ಆಳ ತಾನಾಗಿ ಬರುವುದಿಲ್ಲ. ಅದನ್ನು ಬೇಕೆಂದೇ ಕಟ್ಟಬೇಕಾಗುತ್ತದೆ.

1909ರ ಆಮದು ಸುಂಕ ಮತ್ತು 1914ರ ಯುದ್ಧ ಜರ್ಮನ್ ಕಾರ್ಡುಗಳ ದಾರಿಯನ್ನು ಮುಚ್ಚಿದವು. ಬಳಿಕ ಹಬ್ಬದ ಕಾಗದದ ವಸ್ತುಗಳು ಅಮೆರಿಕದಲ್ಲಿಯೇ ಹೆಚ್ಚು ತಯಾರಾದವು. ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಂಪನಿ ತನ್ನ ಕ್ರೇಪ್ ಎಂಬ ಸುಕ್ಕುಗಟ್ಟಿದ ತೆಳು ಕಾಗದವನ್ನು ಮಾರಲು 1909ರಿಂದ ಹ್ಯಾಲೋವೀನ್ ಅಲಂಕಾರದ ಪುಸ್ತಿಕೆಗಳನ್ನೇ ಹೊರತಂದಿತು. ಪೆನ್ಸಿಲ್ವೇನಿಯಾದ ಬೀಸ್ಟಲ್ ಕಂಪನಿ ಡೈ ಕಟಿಂಗ್ ಮಾಡಿದ, ಅಂದರೆ ಅಲಗಿನ ಅಚ್ಚಿನಿಂದ ಆಕಾರಕ್ಕೆ ಕತ್ತರಿಸಿದ ರಟ್ಟಿನ ಬೆಕ್ಕು, ಕೀಲುಗಳಿರುವ ಅಸ್ಥಿಪಂಜರಗಳನ್ನು ಮನೆಮನೆಗೆ ತಲುಪಿಸಿತು. ಒಂದೇ ಚಿತ್ರಲೋಕವನ್ನು ತಟ್ಟೆ, ಕರವಸ್ತ್ರ, ಆಹ್ವಾನಪತ್ರ, ಗೋಡೆಯ ಅಲಂಕಾರ ಎಂದು ಹಂಚುವ ಇಂದಿನ ಕ್ರಮ ಬೆಳೆದದ್ದು ಇಂಥ ಕಂಪನಿಗಳ ಕೈಯಲ್ಲಿ.

ಚಿತ್ರಲೋಕವನ್ನು ಹಂಚುವ ಬಗೆ

ಒಂದು ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ನಮ್ಮ ಶ್ರೇಣಿಯ ವಿಷಯ ಅಕ್ಟೋಬರ್ ರಾತ್ರಿಯ ಒಂದು ಬೀದಿ ಎಂದುಕೊಳ್ಳಿ: ಸಾಲು ಮನೆಗಳು, ಬೆಳಕಿರುವ ಕಿಟಕಿಗಳು, ಮೆಟ್ಟಿಲ ಮೇಲೆ ಕುಂಬಳಕಾಯಿ ದೀಪಗಳು, ವೇಷ ಹಾಕಿಕೊಂಡು ಮಿಠಾಯಿ ಕೇಳುತ್ತ ಮನೆಯಿಂದ ಮನೆಗೆ ಹೋಗುವ ಮಕ್ಕಳು, ಮೇಲೆ ಗೂಬೆ, ಪತಂಗ, ಚಂದ್ರ. ಇದರಿಂದ ಹನ್ನೆರಡು ವಸ್ತುಗಳನ್ನು ಮಾಡಬೇಕಿದ್ದರೆ ಹನ್ನೆರಡು ಹೊಸ ಚಿತ್ರಗಳು ಬೇಕಾಗುವುದಿಲ್ಲ. ಸೀರೆಯಲ್ಲಿ ಸೆರಗು, ಒಡಲು, ಅಂಚು ಎಂಬ ಮೂರು ಭಾಗಗಳಿಗೆ ಮೂರು ಬೇರೆ ಕೆಲಸಗಳಿದ್ದು, ಮೂರೂ ಒಂದೇ ನೂಲಿನ ಬಣ್ಣಗಳಿಂದ ಕೂಡಿಕೊಂಡಿರುವಂತೆಯೇ ಇಲ್ಲಿಯೂ ಮೂರು ಬಗೆಯ ಚಿತ್ರಗಳು ಬೇಕು. ಇಡೀ ಬೀದಿಯನ್ನು ತೋರಿಸುವ ಒಂದೆರಡು ದೊಡ್ಡ ಚಿತ್ರಗಳು ಸೆರಗಿನ ಸ್ಥಾನದಲ್ಲಿ ನಿಂತು ನೋಟ್‌ಬುಕ್ಕಿನ ಮುಖಪುಟಕ್ಕೂ ದೊಡ್ಡ ಕಾರ್ಡಿಗೂ ಹೋಗುತ್ತವೆ. ಮನೆ, ಪತಂಗ, ಕುಂಬಳ, ಎಲೆಗಳನ್ನು ಹರಡಿ ಎಡೆಬಿಡದೆ ಪುನರಾವರ್ತನೆಯಾಗುವಂತೆ ಜೋಡಿಸಿದ ವಿನ್ಯಾಸ ಒಡಲಾಗಿ ಸುತ್ತುವ ಕಾಗದಕ್ಕೂ ನೋಟ್‌ಬುಕ್ಕಿನ ಒಳರಕ್ಷಾಪುಟಕ್ಕೂ ಲಕೋಟೆಯ ಒಳಹಾಳೆಗೂ ಒದಗುತ್ತದೆ. ಮನೆಗಳ ಸೂರಿನ ರೇಖೆ, ದೀಪಗಳ ಸರ ಮೊದಲಾದ ಕಿರಿದಾದ ಪಟ್ಟಿಗಳು ಅಂಚಾಗಿ ವಾಶಿ ಟೇಪ್ ಎಂಬ ಅಲಂಕಾರದ ಕಾಗದದ ಅಂಟುಪಟ್ಟಿಗೂ ರಿಬ್ಬನ್ನಿಗೂ ಹಾಳೆಯ ಮೇಲಂಚಿಗೂ ಸಲ್ಲುತ್ತವೆ. ಇವುಗಳ ಜೊತೆಗೆ ಒಂಟಿಯಾಗಿ ನಿಲ್ಲಬಲ್ಲ ಚಿಕ್ಕ ಚಿತ್ರಗಳನ್ನು ಸ್ಟಿಕ್ಕರ್ ಮತ್ತು ಟ್ಯಾಗುಗಳಿಗಾಗಿ ಬೇರೆಯಾಗಿ ಬರೆದಿಡಬೇಕು.

ದೊಡ್ಡ ಚಿತ್ರದಿಂದ ತುಂಡು ಕತ್ತರಿಸಿ ಚಿಕ್ಕ ವಸ್ತುವಿಗೆ ಹಾಕುವ ಅಭ್ಯಾಸ ಕೆಲವರಲ್ಲಿದೆ, ಆದರೆ ಅದರಿಂದ ಇಡೀ ಶ್ರೇಣಿ ಸೊರಗುತ್ತದೆ. ಮುಖಪುಟದಲ್ಲಿ ಮೂರು ಅಂಗುಲ ಎತ್ತರದ ಮನೆಯಲ್ಲಿ ಹೆಂಚು, ಕಿಟಕಿಯ ಸರಳು, ಬಾಗಿಲ ಹಿಡಿಕೆ ಎಲ್ಲ ಇರಬಹುದು. ಅದೇ ಮನೆ 15 ಮಿ.ಮೀ. ಅಗಲದ ಟೇಪಿನ ಮೇಲೆ ಬಂದಾಗ ಆಕಾರವೊಂದು, ಬೆಳಕಿನ ಚುಕ್ಕೆಯೊಂದು ಉಳಿದರೆ ಸಾಕು. ಪ್ರತಿ ಗಾತ್ರಕ್ಕೂ ಅದೇ ವಸ್ತುವನ್ನು ಹೊಸದಾಗಿ ಬರೆಯುವುದು ಶ್ರಮದ ಕೆಲಸವಾದರೂ ಒಳ್ಳೆಯ ಶ್ರೇಣಿಗೂ ಸಾಧಾರಣ ಶ್ರೇಣಿಗೂ ನಡುವಿನ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಮೊದಲು ಕಾಣುವುದು ಇಲ್ಲಿಯೇ. ಸುತ್ತುವ ಕಾಗದಕ್ಕೆ ಇನ್ನೊಂದು ಎಚ್ಚರ ಬೇಕು. ಪೆಟ್ಟಿಗೆಯನ್ನು ಸುತ್ತಿದಾಗ ಕಾಗದ ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದ್ದರಿಂದ ಮನೆಗಳೆಲ್ಲ ಒಂದೇ ದಿಕ್ಕಿಗೆ ನಿಂತಿದ್ದರೆ ಒಂದು ಬದಿಯಲ್ಲಿ ಅವು ತಲೆಕೆಳಗಾಗುತ್ತವೆ. ಪತಂಗ, ಎಲೆ, ಕುಂಬಳಗಳನ್ನು ಬೇರೆ ಬೇರೆ ಕೋನಗಳಲ್ಲಿ ಚೆಲ್ಲಿ, ಪಕ್ಕದ ಸಾಲನ್ನು ಅರ್ಧ ಎತ್ತರದಷ್ಟು ಕೆಳಗಿಳಿಸಿ ಜೋಡಿಸಿದರೆ ದಿಕ್ಕೂ ಕಾಣುವುದಿಲ್ಲ, ಪುನರಾವರ್ತನೆಯ ಗೆರೆಯೂ ಕಣ್ಣಿಗೆ ಬೀಳುವುದಿಲ್ಲ.

ಭಯದ ಪ್ರಮಾಣವನ್ನೂ ಈ ಹಂತದಲ್ಲಿಯೇ ನಿರ್ಧರಿಸಬೇಕು. ಉಡುಗೊರೆ ಕೊಡುವವರು ಯಾರು, ಪಡೆಯುವವರು ಯಾರು ಎಂಬುದರಿಂದ ಅದು ನಿರ್ಣಯವಾಗುತ್ತದೆ. ಅಮೆರಿಕದಲ್ಲಿ ಆಹಾರ ಅಲರ್ಜಿಯ ಕುರಿತು ಕೆಲಸ ಮಾಡುವ ಫೇರ್ ಎಂಬ ಸಂಸ್ಥೆ 2014ರಲ್ಲಿ ದೇಶದಾದ್ಯಂತ ಒಂದು ಅಭಿಯಾನವನ್ನು ಆರಂಭಿಸಿತು. ಬಾಗಿಲಲ್ಲಿ ಹಸಿರುನೀಲಿ ಬಣ್ಣದ ಕುಂಬಳಕಾಯಿ ಇಟ್ಟ ಮನೆಯಲ್ಲಿ ಮಿಠಾಯಿಯ ಬದಲು ತಿನ್ನದ ವಸ್ತುಗಳು ಸಿಗುತ್ತವೆ ಎಂಬುದು ಅದರ ಸಂಕೇತ. ನೆಲಗಡಲೆಯೋ ಹಾಲೋ ಒಗ್ಗದ ಮಗುವಿಗೆ ಆ ರಾತ್ರಿ ಸ್ಟಿಕ್ಕರ್, ಪೆನ್ಸಿಲ್, ರಬ್ಬರ್, ಪುಟ್ಟ ನೋಟ್‌ಬುಕ್ ಸಿಗುತ್ತದೆ. ಸ್ಟೇಷನರಿಯ ವಿನ್ಯಾಸಕಾರರಿಗೆ ಇದಕ್ಕಿಂತ ಅರ್ಥಪೂರ್ಣವಾದ ಬೇಡಿಕೆ ಸಿಗುವುದು ಅಪರೂಪ. ಇಂಥ ವಸ್ತುಗಳಲ್ಲಿ ರಕ್ತ, ತಲೆಬುರುಡೆ, ಸಮಾಧಿಗಳಿಗೆ ಜಾಗವಿಲ್ಲ. ದೊಡ್ಡವರ ಪ್ಲಾನರ್ ಅಥವಾ ಕಾರ್ಡಿನಲ್ಲಿ ಅವು ಒಂದು ಮಿತಿಯಲ್ಲಿ ಬರಬಹುದು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆಂದು ಮಾಡಿದ ವಸ್ತುಗಳಿಗೆ ಅಮೆರಿಕದ 2008ರ ಗ್ರಾಹಕ ಸುರಕ್ಷತಾ ಕಾನೂನು ಅನ್ವಯಿಸುತ್ತದೆ. ಸಾಮಾನ್ಯ ಭಾಗಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 100 ಭಾಗ, ಮೇಲ್ಮೈಯ ಬಣ್ಣದಲ್ಲಿ 90 ಭಾಗ ಮೀರುವಂತಿಲ್ಲ. ಯುರೋಪಿನಲ್ಲಿ ಆಟಿಕೆಗಳ ಮಾನದಂಡ ಬೇರೆಯೇ ಇದೆ. ಮುದ್ದಾದ ದೆವ್ವವೊಂದನ್ನು ಬರೆದ ಕೂಡಲೇ ವಸ್ತು ಮಕ್ಕಳದ್ದೆಂಬ ತೀರ್ಮಾನಕ್ಕೆ ಹತ್ತಿರವಾಗುತ್ತದೆ ಎಂಬುದನ್ನು ಚಿತ್ರಕಾರರು ತಿಳಿದಿರಬೇಕು.

ಕಪ್ಪು ಮತ್ತು ಕಿತ್ತಳೆ

ಈಗ ಮುಖ್ಯ ತೊಡಕಿಗೆ ಬರೋಣ. ಕಂಪ್ಯೂಟರ್ ಪರದೆ ಬೆಳಕನ್ನು ಸೂಸಿ ಬಣ್ಣ ತೋರಿಸುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಿರುಗಿಸಿ ತೋರಿಸುತ್ತದೆ. ಆಫ್‌ಸೆಟ್‌ನಲ್ಲಿ ಕಿತ್ತಳೆ ಹುಟ್ಟುವುದು ಮಜೆಂಟಾ ಮತ್ತು ಹಳದಿ ಚುಕ್ಕೆಗಳ ಕೂಡುವಿಕೆಯಿಂದ. ಪರದೆಯಲ್ಲಿ ಉರಿಯುವಂತೆ ಕಾಣುವ ಕಿತ್ತಳೆ ಈ ನಾಲ್ಕು ಬಣ್ಣದ ಮುದ್ರಣದ ವ್ಯಾಪ್ತಿಯ ಹೊರಗಿರುವುದರಿಂದ ಅಚ್ಚಾದ ಮೇಲೆ ಇಟ್ಟಿಗೆಯ ಕಡೆಗೆ ಮಂಕಾಗುತ್ತದೆ. ಇದಕ್ಕೆ ಪರಿಹಾರ ಸ್ಪಾಟ್ ಬಣ್ಣ, ಅಂದರೆ ಡಬ್ಬಿಯಲ್ಲಿಯೇ ಬೆರೆಸಿ ಸಿದ್ಧವಾದ ಶಾಯಿ. ಬಣ್ಣಗಳನ್ನು ಸಂಖ್ಯೆಗಳಿಂದ ಗುರುತಿಸುವ ಪ್ಯಾಂಟೋನ್ ಪದ್ಧತಿಯ ಮೂಲ ಶಾಯಿಗಳಲ್ಲಿ ಆರೆಂಜ್ 021 ಎಂಬುದೊಂದಿದೆ. ಅದನ್ನು ಐದನೆಯ ಪ್ಲೇಟಿನಿಂದ ಅಚ್ಚು ಹಾಕಿದರೆ ಕುಂಬಳಕಾಯಿ ದೀಪ ನಿಜವಾಗಿ ಉರಿಯುತ್ತದೆ.

ಐದನೆಯ ಪ್ಲೇಟಿಗೆ ಖರ್ಚು ಹೆಚ್ಚು. ಆದ್ದರಿಂದ ಇನ್ನೊಂದು ದಾರಿಯನ್ನು ನಾನು ಹೆಚ್ಚು ಮೆಚ್ಚುತ್ತೇನೆ: ನಾಲ್ಕು ಬಣ್ಣದ ಮುದ್ರಣವನ್ನೇ ಕೈಬಿಟ್ಟು ಎರಡೇ ಸ್ಪಾಟ್ ಶಾಯಿಗಳಲ್ಲಿ ಇಡೀ ಶ್ರೇಣಿಯನ್ನು ಕಟ್ಟುವುದು. ಒಂದು ಗಾಢ ಮಧ್ಯರಾತ್ರಿಯ ನೀಲಿ, ಇನ್ನೊಂದು ಕಿತ್ತಳೆ. ಮೂರನೆಯ ಬಣ್ಣ ಕೆನೆ ಬಣ್ಣದ ಕಾಗದವೇ. ಕಿತ್ತಳೆಯ ಮೇಲೆ ನೀಲಿಯನ್ನು ಹಾಕಿದಲ್ಲಿ ಕಂದುಗಪ್ಪು ಹುಟ್ಟುತ್ತದೆ, ಎರಡನ್ನೂ ಚುಕ್ಕೆಗಳಾಗಿ ಒಡೆದರೆ ಮಂಜಿನ ಛಾಯೆಗಳು ಬರುತ್ತವೆ. ಕಡಿಮೆ ಪ್ಲೇಟು, ಹೆಚ್ಚು ಕಾವು. ಇಪ್ಪತ್ತನೆಯ ಶತಮಾನದ ಆರಂಭದ ಅಗ್ಗದ ಹ್ಯಾಲೋವೀನ್ ಕಾಗದಗಳು ಇಂದಿಗೂ ಕಣ್ಣು ಸೆಳೆಯುವುದಕ್ಕೆ ಅವುಗಳ ಈ ಬಣ್ಣದ ಜಿಪುಣತನವೂ ಒಂದು ಕಾರಣ.

ಕಪ್ಪಿನ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಕಪ್ಪು ಶಾಯಿಯೊಂದನ್ನೇ ದೊಡ್ಡ ಜಾಗಕ್ಕೆ ಹಾಕಿದರೆ ಅದು ಕಡುಬೂದಿಯಂತೆ ತೆಳುವಾಗಿ ಕಾಣುತ್ತದೆ. ಅದಕ್ಕಾಗಿ ಉಳಿದ ಮೂರು ಬಣ್ಣಗಳನ್ನೂ ಅದರಡಿಗೆ ಸೇರಿಸಿ ಸಮೃದ್ಧ ಕಪ್ಪನ್ನು ಮಾಡುತ್ತಾರೆ. ಶೇಕಡ ಲೆಕ್ಕದಲ್ಲಿ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಎಂಬುದು ಬಳಕೆಯಲ್ಲಿರುವ ಒಂದು ಪಾಕ. ಇದರ ಮೊತ್ತ ಶೇಕಡ 240. ನುಣುಪು ಆರ್ಟ್ ಪೇಪರ್ ಸುಮಾರು 300ರವರೆಗೆ ತಡೆದುಕೊಳ್ಳುತ್ತದೆ. ಲೇಪವಿಲ್ಲದ ಕಾಗದ ಅಷ್ಟನ್ನು ಹೀರಿಕೊಂಡು ಒಣಗಲಾರದೆ ಮೇಲಿನ ಹಾಳೆಯ ಬೆನ್ನಿಗೆ ಕಲೆ ಅಂಟಿಸುತ್ತದೆ. ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಜರುಗಿದರೂ ಈ ಕಪ್ಪಿನಲ್ಲಿ ಬಿಳಿಯಾಗಿ ಬಿಟ್ಟ ಸಣ್ಣ ಅಕ್ಷರಗಳ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ, ತೆಳುಗೆರೆಗಳು ತುಂಬಿಹೋಗುತ್ತವೆ. ಅಮೆರಿಕದ ಕನ್ನಡ ಕುಟುಂಬಗಳಿಗಾಗಿ ಕನ್ನಡದಲ್ಲಿ ಹ್ಯಾಲೋವೀನ್ ಕಾರ್ಡು ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಮೊದಲು ಮುಚ್ಚಿಹೋಗುವುದು ಒತ್ತಕ್ಷರಗಳ ಒಳಗಿನ ಸಣ್ಣ ಕಣ್ಣುಗಳು. ಕಪ್ಪು ನೆಲದ ಮೇಲೆ ಕನ್ನಡವನ್ನು ದಪ್ಪ ಗೆರೆಯ ಅಕ್ಷರಗಳಲ್ಲಿ, ಇಂಗ್ಲಿಷಿಗಿಂತ ಎರಡು ಮೂರು ಪಾಯಿಂಟ್ ದೊಡ್ಡದಾಗಿ ಕೂರಿಸುವುದು ಕ್ಷೇಮ.

ಕತ್ತಲೆ ಅಚ್ಚಾದ ಮೇಲೂ ಕೆಲಸ ಮುಗಿಯುವುದಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡನ್ನು ಮಡಚಿದಾಗ ಮಡಿಕೆಯಲ್ಲಿ ಶಾಯಿ ಬಿರುಕು ಬಿಟ್ಟು ಬಿಳಿಯ ಗೆರೆ ಎದ್ದು ಕಾಣುತ್ತದೆ. ತಿಳಿ ಬಣ್ಣದ ಕಾರ್ಡಿನಲ್ಲಿ ಯಾರ ಗಮನಕ್ಕೂ ಬಾರದ ಈ ದೋಷ ಕಪ್ಪು ಕಾರ್ಡನ್ನು ಹಳೆಯದಾಗಿಸಿಬಿಡುತ್ತದೆ. ಕಾಗದದ ನಾರಿನ ದಿಕ್ಕು ಮಡಿಕೆಗೆ ಸಮಾನಾಂತರವಾಗಿರುವಂತೆ ಹಾಳೆಯಲ್ಲಿ ಜೋಡಿಸಿ, ಮೊದಲು ಕ್ರೀಸಿಂಗ್ ಮಾಡಿ (ಮಡಿಕೆಯ ಗೆರೆಯನ್ನು ಒತ್ತಿ) ಆಮೇಲೆ ಮಡಚಿದರೆ ಬಹುಮಟ್ಟಿಗೆ ತಪ್ಪಿಸಬಹುದು. ಕತ್ತರಿಸುವ ಅಂಚಿನಾಚೆಗೆ ಚಿತ್ರವನ್ನು ಕನಿಷ್ಠ 3 ಮಿ.ಮೀ. ಚಾಚದಿದ್ದರೆ ಕತ್ತಿ ಸ್ವಲ್ಪ ಜರುಗಿದ ಕಡೆ ಬಿಳಿ ಅಂಚು ಮಿನುಗುತ್ತದೆ. ಮ್ಯಾಟ್ ಲ್ಯಾಮಿನೇಷನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಹೊದಿಕೆ, ಕತ್ತಲೆಗೆ ಸೊಗಸಾದ ಮೃದುತ್ವ ಕೊಡುತ್ತದೆ, ಆದರೆ ಕೈಯ ಜಿಡ್ಡು, ಉಗುರಿನ ಗೀರು ಅದರ ಮೇಲೆ ತಕ್ಷಣ ಕಾಣುತ್ತವೆ. ಅಂಗಡಿಯಲ್ಲಿ ಹತ್ತಾರು ಕೈಗಳು ಮುಟ್ಟುವ ನೋಟ್‌ಬುಕ್ಕಿಗೆ ಗೀರು ತಡೆಯುವ ಬಗೆಯದನ್ನೇ ಕೇಳಿ ಹಾಕಿಸಬೇಕು. ಇವೆಲ್ಲದರಿಂದ ಒಮ್ಮೆಲೇ ಪಾರಾಗಲು ತಿರುಳಿನಲ್ಲಿಯೇ ಕಪ್ಪು ಬಣ್ಣ ಸೇರಿಸಿ ಮಾಡಿದ ಕಾಗದವನ್ನು ಆರಿಸಬಹುದು. ಅದರ ಅಂಚೂ ಕಪ್ಪು, ಮಡಿಕೆಯೂ ಕಪ್ಪು. ಆದರೆ ಅದರ ಮೇಲೆ ಸಾಧಾರಣ ಆಫ್‌ಸೆಟ್ ಶಾಯಿ ಕಾಣುವುದೇ ಇಲ್ಲ, ಜಾಲರಿಯ ಮೂಲಕ ಬಿಳಿ ಶಾಯಿಯನ್ನು ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಅಥವಾ ತಾಮ್ರಬಣ್ಣದ ಹೊಳೆಯುವ ತೆಳುಹಾಳೆಯ (ಫಾಯಿಲ್) ಅಚ್ಚು ಬೇಕಾಗುತ್ತದೆ. ಬೆಲೆ ಏರಿದರೂ ಶ್ರೇಣಿಯಲ್ಲಿ ಅಂಥ ಒಂದು ವಸ್ತುವಿದ್ದರೆ ಉಳಿದವುಗಳಿಗೂ ಗೌರವ ಬರುತ್ತದೆ.

ವಸ್ತುವಿನಿಂದ ವಸ್ತುವಿಗೆ

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗಬೇಕು. ಬಿಳಿಯ ಕಾಗದದ ಮೇಲೆ ಕಿಟಕಿಯ ಬೆಳಕೆಂದರೆ ಶಾಯಿಯನ್ನು ಹಾಕದೆ ಬಿಟ್ಟ ಜಾಗ. ಕಪ್ಪು ಕಾಗದ ಅಥವಾ ಕಪ್ಪು ಬಟ್ಟೆಯ ಮೇಲೆ ಅದೇ ಬೆಳಕನ್ನು ಶಾಯಿಯಿಂದ ಹಾಕಬೇಕು: ಮೊದಲು ಬಿಳಿಯ ತಳ, ಅದರ ಮೇಲೆ ಕಿತ್ತಳೆ. ಅಂದರೆ ಒಂದೇ ಚಿತ್ರ ಎರಡು ವಸ್ತುಗಳಲ್ಲಿ ವಿರುದ್ಧ ಕ್ರಮದಲ್ಲಿ ಹುಟ್ಟುತ್ತದೆ. ಆದುದರಿಂದ ಬೆಳಕಿನ ಭಾಗಗಳನ್ನೂ ಕತ್ತಲೆಯ ಭಾಗಗಳನ್ನೂ ಆರಂಭದಿಂದಲೇ ಬೇರೆ ಬೇರೆ ಪದರಗಳಲ್ಲಿ ಬರೆದಿಟ್ಟುಕೊಂಡವರಿಗೆ ಮುಂದಿನ ಎಲ್ಲ ಕೆಲಸ ಹಗುರ; ಎಲ್ಲವನ್ನೂ ಒಂದೇ ಪದರದಲ್ಲಿ ಬೆರೆಸಿ ಬಣ್ಣ ಹಚ್ಚಿದವರು ಪ್ರತಿ ವಸ್ತುವಿಗೂ ಚಿತ್ರವನ್ನು ಬಿಡಿಸಿಕೊಂಡು ಮತ್ತೆ ಕಟ್ಟಬೇಕಾಗುತ್ತದೆ. ಕೈಯಲ್ಲಿ ಜಲವರ್ಣದಿಂದ ಬರೆಯುವವರೂ ಕಿಟಕಿ, ದೀಪ, ಚಂದ್ರರನ್ನು ಬೇರೆ ಹಾಳೆಯಲ್ಲಿ ಬರೆದು ಸ್ಕ್ಯಾನ್ ಮಾಡಬಹುದು.

ಮಗ್ಗಿನ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸಬ್ಲಿಮೇಷನ್ ಪದ್ಧತಿಯಲ್ಲಿ ವರ್ಗಾವಣೆ ಕಾಗದದ ಬಣ್ಣ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆವಿಯಾಗಿ ಮಗ್ಗಿನ ಪಾಲಿಮರ್ ಲೇಪದೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಬಿಳಿ ಬಣ್ಣವೆಂಬುದೇ ಇಲ್ಲ, ಮಗ್ಗಿನ ಸ್ವಂತ ಬಿಳಿಯೇ ಬೆಳಕು. ದೊಡ್ಡ ಕಪ್ಪು ಪ್ರದೇಶ ಕಂದು ಅಥವಾ ಹಸಿರಿನ ಕಡೆಗೆ ವಾಲುವ ಸಾಧ್ಯತೆ ಇರುವುದರಿಂದ ಪೂರ್ತಿ ರಾತ್ರಿಯ ಆಕಾಶವನ್ನು ಮಗ್ಗಿಗೆ ಸುತ್ತುವ ಬದಲು ಬಿಳಿಯ ನೆಲದಲ್ಲಿ ಮನೆಗಳ ಸಾಲನ್ನು ನಿಲ್ಲಿಸುವುದು ಉತ್ತಮ. ಕತ್ತಲೆಯಲ್ಲಿ ಹೊಳೆಯುವ ಶಾಯಿಯದು ಬೇರೆ ಸ್ವಭಾವ. ಅದರಲ್ಲಿರುವ ಸ್ಟ್ರಾನ್ಷಿಯಂ ಅಲ್ಯುಮಿನೇಟಿನ ಹರಳುಗಳು ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಶಾಯಿಯನ್ನು ದೊಡ್ಡ ಕಣ್ಣಿನ ಜಾಲರಿಯಿಂದ ದಪ್ಪವಾಗಿ, ಅದೂ ಬಿಳಿಯ ತಳದ ಮೇಲೆ ಹಾಕಿದರಷ್ಟೇ ಹೊಳಪು ಬರುತ್ತದೆ, ಕಪ್ಪಿನ ಮೇಲೆ ನೇರವಾಗಿ ಹಾಕಿದರೆ ಆ ಕಪ್ಪೇ ಬೆಳಕನ್ನು ನುಂಗಿಬಿಡುತ್ತದೆ. ಹಗಲಿನಲ್ಲಿ ಅದು ಪೇಲವ ಹಳದಿಹಸಿರಾಗಿ ಕಾಣುವುದರಿಂದ ಕಿಟಕಿಗಳ ಬಣ್ಣವನ್ನು ಅದಕ್ಕೆ ಹೊಂದುವಂತೆ ಮೊದಲೇ ಯೋಜಿಸಬೇಕು.

ಸ್ಟಿಕ್ಕರಿನಲ್ಲಿ ಬಾವಲಿಯ ರೆಕ್ಕೆಯ ತುದಿ, ಮಾಟಗಾತಿಯ ಟೋಪಿಯ ಮೊನೆ ಮೊದಲಾದ ಚೂಪುಗಳು ಮೊದಲು ಏಳುತ್ತವೆ. ಕತ್ತರಿಸುವ ಗೆರೆಯನ್ನು ಚಿತ್ರದಿಂದ 2–3 ಮಿ.ಮೀ. ದೂರದಲ್ಲಿ ದುಂಡಾಗಿ ಸುತ್ತಿಸಿದರೆ ಅಂಟು ನಿಲ್ಲುತ್ತದೆ. ಇಂದು ಎಲ್ಲೆಡೆ ಕಾಣುವ ಅಲಂಕಾರಿಕ ವಾಶಿ ಟೇಪನ್ನು ಜನಪ್ರಿಯಗೊಳಿಸಿದ ಜಪಾನಿನ ಕುರಾಶಿಕಿಯ ಕಾಮೋಯಿ ಕಾಕೋಶಿ ಕಂಪನಿ 1923ರಲ್ಲಿ ನೊಣ ಹಿಡಿಯುವ ಅಂಟುಕಾಗದ ಮಾಡುತ್ತ ಆರಂಭವಾದದ್ದು. ಆ ಕಾಗದ ತೆಳುವಾಗಿ ಅರೆಪಾರದರ್ಶಕವಾಗಿರುವುದರಿಂದ ತಿಳಿ ಬಣ್ಣದ ಟೇಪನ್ನು ಕಪ್ಪು ನೋಟ್‌ಬುಕ್ಕಿನ ಮೇಲೆ ಅಂಟಿಸಿದರೆ ಚಿತ್ರ ಮಾಯವಾಗುತ್ತದೆ. ಒಂದೇ ಶ್ರೇಣಿಯ ಎರಡು ವಸ್ತುಗಳು ಒಂದನ್ನೊಂದು ಕೆಡಿಸದಂತೆ ನೋಡಿಕೊಳ್ಳುವುದೂ ವಿನ್ಯಾಸದ ಭಾಗವೇ.

ನೋಟ್‌ಬುಕ್ಕಿನ ಒಳಹಾಳೆಗಳಲ್ಲಿ ಕಲಾವಿದರು ಸಂಯಮ ತೋರಬೇಕು. ಅದು ಬರೆಯುವವರ ಜಾಗ. ಮೂಲೆಯಲ್ಲಿ ಶೇಕಡ 15ರಷ್ಟು ತಿಳಿಯಾದ ಪತಂಗವೊಂದು ಇದ್ದರೆ ಸಾಕು, ಗೆರೆಗಳ ಅಡಿಯಲ್ಲಿ ದೆವ್ವಗಳು ಓಡಾಡಬಾರದು. ನಡುವೆ ಪಿನ್ ಹೊಡೆದ ಪುಸ್ತಕದ ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಬೇಕು. ಲಕೋಟೆಯ ವಿಷಯದಲ್ಲಿ ಕಪ್ಪಿನ ಆಸೆಯನ್ನು ಬಿಡುವುದೇ ಲೇಸು. ಅದರ ಮೇಲೆ ಸಾಮಾನ್ಯ ಪೆನ್ನು ಕಾಣುವುದಿಲ್ಲ, ಅಂಚೆಯ ವಿಂಗಡಣೆ ಯಂತ್ರಗಳಿಗೂ ವಿಳಾಸ ಓದುವುದು ಕಷ್ಟ. ಹೊರಗೆ ಕೆನೆ ಬಣ್ಣ, ಒಳಹಾಳೆಯಲ್ಲಿ ರಾತ್ರಿಯ ವಿನ್ಯಾಸ ಇಟ್ಟರೆ ತೆರೆಯುವವರಿಗೆ ಅಚ್ಚರಿಯೂ ಉಳಿಯುತ್ತದೆ. ಚೌಕಾಕಾರದ ಕಾರ್ಡು ನೋಡಲು ಚೆಂದವಾದರೂ ಅಮೆರಿಕದ ಅಂಚೆ ಇಲಾಖೆ ಅದಕ್ಕೆ ಹೆಚ್ಚುವರಿ ದರ ಕೇಳುತ್ತದೆ. ಉದ್ದವನ್ನು ಎತ್ತರದಿಂದ ಭಾಗಿಸಿದಾಗ 1.3ರಿಂದ 2.5ರೊಳಗೆ ಬರುವ ಲಕೋಟೆಗಳಿಗಷ್ಟೇ ಸಾಧಾರಣ ದರ. 5 ಅಂಗುಲಕ್ಕೆ 7 ಅಂಗುಲದ ಕಾರ್ಡು ಅಲ್ಲಿ ರೂಢಿಯಲ್ಲಿರುವುದಕ್ಕೆ ಇದೂ ಅನುಕೂಲ ಮಾಡಿದೆ.

ಯಾರ ಚಿತ್ರ, ಯಾರ ಹಬ್ಬ

ಹ್ಯಾಲೋವೀನ್ ಪಾತ್ರಗಳೆಲ್ಲ ಊರ ಸ್ವತ್ತೆಂಬ ಭಾವನೆ ಕಲಾವಿದರಲ್ಲಿದೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಜೀವಿಯನ್ನು ಯಾರಾದರೂ ಬರೆಯಬಹುದು ನಿಜ, ಆದರೆ ಚಪ್ಪಟೆ ತಲೆ, ಕುತ್ತಿಗೆಯ ಬದಿಗಳಲ್ಲಿ ಲೋಹದ ಗೂಟಗಳಿರುವ ರೂಪ 1931ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಚಿತ್ರಕ್ಕಾಗಿ ಜಾಕ್ ಪಿಯರ್ಸ್ ಎಂಬ ಪ್ರಸಾಧನ ಕಲಾವಿದ ಕಟ್ಟಿದ್ದು, ಆ ರೂಪದ ಮೇಲಿನ ಹಕ್ಕನ್ನು ಸ್ಟುಡಿಯೋ ಕಾಯ್ದುಕೊಂಡು ಬಂದಿದೆ. 1910ರ ಆಸುಪಾಸಿನ ಅಂಚೆ ಕಾರ್ಡುಗಳು ಅಮೆರಿಕದಲ್ಲಿ ಈಗ ಸಾರ್ವಜನಿಕ ಸ್ವತ್ತು; ಆದರೂ ಅವನ್ನು ಹಾಗೆಯೇ ಎತ್ತಿ ಮಗ್ಗಿಗೆ ಹಾಕುವುದಕ್ಕಿಂತ ಅವು ಕತ್ತಲೆಯನ್ನು ಹೇಗೆ ಪದರಪದರವಾಗಿ ಕಟ್ಟಿವೆ ಎಂದು ಕಲಿಯುವುದು ಹೆಚ್ಚು ಫಲ ಕೊಡುತ್ತದೆ.

ಇನ್ನೊಂದು ಎಚ್ಚರ ಮೆಕ್ಸಿಕೋದ ಮೃತರ ದಿನಕ್ಕೆ ಸಂಬಂಧಿಸಿದ್ದು. ಹೂವಿನಿಂದ ಅಲಂಕರಿಸಿದ ತಲೆಬುರುಡೆ, ಅಲ್ಲಿನ ಕಲಾವಿದ ಹೋಸೆ ಗ್ವಾಡಲೂಪೆ ಪೊಸಾಡ ಕೆತ್ತಿದ ಟೋಪಿ ಧರಿಸಿದ ಅಸ್ಥಿಪಂಜರದ ಹೆಂಗಸು ಇವು ಆ ಹಬ್ಬದವು. ಹಿರಿಯರನ್ನು ನೆನೆದು ಎಡೆ ಇಡುವ ಆ ಆಚರಣೆಯನ್ನು ಯುನೆಸ್ಕೋ 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. 2013ರಲ್ಲಿ ಡಿಸ್ನಿ ಕಂಪನಿ ಆ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿ, ಸಾರ್ವಜನಿಕರ ವಿರೋಧದಿಂದ ಅದನ್ನು ಹಿಂತೆಗೆದುಕೊಂಡಿತು. ದಿನಾಂಕಗಳು ಹತ್ತಿರವಿವೆ ಎಂಬ ಕಾರಣಕ್ಕೆ ಆ ತಲೆಬುರುಡೆಯನ್ನು ಹ್ಯಾಲೋವೀನ್ ಬೆಕ್ಕಿನ ಪಕ್ಕದಲ್ಲಿ ಇಡುವುದು ನನಗೆ ಸರಿಕಾಣುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಾಡಿನವರಿಗೆ ಇದರ ಸೂಕ್ಷ್ಮ ತಿಳಿಯುವುದು ಕಷ್ಟವಲ್ಲ.

ಕಾಲದ ಲೆಕ್ಕ

ಹ್ಯಾಲೋವೀನ್ ಸರಕು ಬೇಸಿಗೆಯ ಕೊನೆಗೆ, ಆಗಸ್ಟ್ ಹೊತ್ತಿಗೇ ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬರ್ಮಿಂಗ್‌ಹ್ಯಾಮಿನ ಸ್ಪ್ರಿಂಗ್ ಫೇರ್‌ನಂಥ ದೊಡ್ಡ ಉಡುಗೊರೆ ಮೇಳಗಳು ನಡೆಯುವುದು ಫೆಬ್ರವರಿಯಲ್ಲಿ, ಆದ್ದರಿಂದ ಮಾದರಿಗಳು ಜನವರಿಗೇ ಸಿದ್ಧವಿರಬೇಕು. ಬೇಡಿಕೆ ಬಂದ ಮೇಲೆ ಅಂತಿಮ ಪ್ರೂಫ್ (ಪರಿಶೀಲನೆಯ ಅಚ್ಚು), ಮುದ್ರಣ, ಸುರಕ್ಷತಾ ಪರೀಕ್ಷೆ, ಹಡಗಿನಲ್ಲಿ ವಾರಗಟ್ಟಲೆ ಸಾಗಣೆ. ಹಿಂದಕ್ಕೆ ಎಣಿಸಿದರೆ ಚಿತ್ರ ಬರೆಯುವ ಕೆಲಸ ಹಬ್ಬಕ್ಕೆ ಒಂದು ವರ್ಷಕ್ಕಿಂತ ಮೊದಲೇ ಆರಂಭವಾಗುತ್ತದೆ. ಪ್ರೂಫನ್ನು ಪರದೆಯ ಮೇಲೆ ಒಪ್ಪಿಬಿಡದೆ ನಿಜವಾದ ಕಾಗದದ ಮೇಲೆ, ಹಗಲಿನ ಬೆಳಕನ್ನು ಹೋಲುವ 5000 ಕೆಲ್ವಿನ್ ಬಿಳಿ ಬೆಳಕಿನಲ್ಲಿ ನೋಡಬೇಕು, ಏಕೆಂದರೆ ಮನೆಯ ಹಳದಿ ದೀಪದಡಿ ಎಲ್ಲ ಕಿತ್ತಳೆಯೂ ಚೆನ್ನಾಗಿಯೇ ಕಾಣುತ್ತದೆ.

ನವೆಂಬರ್ 1ರಂದು ಉಳಿದ ಸರಕಿನ ಬೆಲೆ ಕುಸಿಯುತ್ತದೆ. ಅದಕ್ಕಾಗಿ ಶ್ರೇಣಿಯ ಮೂರನೆಯ ಒಂದು ಪಾಲನ್ನಾದರೂ ಹಬ್ಬದ ಹೆಸರಾಗಲಿ ಕೊರೆದ ಕುಂಬಳವಾಗಲಿ ಇಲ್ಲದ, ಗೂಬೆ, ಪತಂಗ, ಚಂದ್ರ, ಅಣಬೆಗಳಷ್ಟೇ ಇರುವ ವಸ್ತುಗಳಿಗೆ ಮೀಸಲಿಡುವುದು ಒಳ್ಳೆಯದು. ಅವು ಚಳಿಗಾಲವಿಡೀ ಮಾರಾಟವಾಗುತ್ತವೆ. ಚಿತ್ರಗಳನ್ನು ಪರವಾನಗಿಯ ಮೇಲೆ ಕೊಡುವ ಕಲಾವಿದರು ಕರಾರಿನಲ್ಲಿಯೂ ಇದೇ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಯಾವ ವಸ್ತುಗಳಿಗೆ, ಯಾವ ದೇಶಗಳಿಗೆ ಹಕ್ಕು ಎಂಬುದನ್ನು ಒಂದೊಂದಾಗಿ ಬರೆಸಬೇಕು. ಅವಧಿಯನ್ನು ತಿಂಗಳುಗಳಲ್ಲಿ ಎಣಿಸಿದರೆ ಮಾರ್ಚ್‌ನಲ್ಲಿ ಸಹಿಯಾದ ಹದಿನೆಂಟು ತಿಂಗಳ ಕರಾರು ಎರಡನೆಯ ಹ್ಯಾಲೋವೀನ್‌ಗೆ ಒಂದು ತಿಂಗಳಿರುವಾಗಲೇ ಮುಗಿದುಹೋಗುತ್ತದೆ; ಆದ್ದರಿಂದ ಎಷ್ಟು ಹ್ಯಾಲೋವೀನ್ ಋತುಗಳು ಎಂದೇ ನಮೂದಿಸಿ, ಉಳಿದ ಸರಕನ್ನು ಮಾರಲು ಕಂಪನಿಗೆ ಕೊಡುವ ಗಡುವು ಡಿಸೆಂಬರ್ ಕೊನೆಗೆ ನಿಲ್ಲುವಂತೆ ಬರೆಸಿಕೊಳ್ಳಬೇಕು.